ಬಟ್ಟೆ ಯಾರು ಒಗೆದರು?

ಮಲಾಬೊನ್
ಆಗಸ್ಟ್ ೯, ಶನಿವಾರ ಮಧ್ಯಾಹ್ನ

ನನ್ನ ಮುದ್ದು ವೆಂಗ್,

ಮೊದಲು ಡಬ್ಬಿ ಬಿಚ್ಚಿ ಪಾನ್ಸಿತ್ ತಿನ್ನು, ಆಮೇಲೆ ಈ ಕಾಗದ ಓದು. ಹಸಿದ ಹೊಟ್ಟೆಯಲ್ಲಿ ಓದಿದರೆ ನನ್ನ ಮೇಲೆ ನಿನಗೆ ಬರುವ ಸಿಟ್ಟು ಎರಡರಷ್ಟಾಗುತ್ತದೆ. ಸಿಗಡಿ ಕೈತುಂಬ ಹಾಕಿದ್ದೇನೆ, ಶಾವಿಗೆ ನಿನಗೆ ಬೇಕಾದ ದಪ್ಪದ್ದೇ. ನಿಂಬೆಹಣ್ಣು ಬೇರೆ ಪೊಟ್ಟಣದಲ್ಲಿದೆ. ಡಬ್ಬಿ ಹೊತ್ತು ತಂದ ನಿನ್ನ ತಮ್ಮನಿಗೂ ಒಂದು ತಟ್ಟೆ ಹಾಕಿಕೊಡು. ದಾರಿಯಲ್ಲೇ ಒಂದಿಷ್ಟು ಮುಗಿಸಿರುತ್ತಾನೆ, ಆದರೂ ಕೊಡು.

ಫೋನ್ ಇರುವಾಗ ಕಾಗದ ಏಕೆ ಎಂದು ಕೇಳಬೇಡ. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವ ಮೊದಲೇ ನೀನು ಮೂರು ಮಾತು ಆಡಿರುತ್ತೀಯ. ಕಥೆ ಬರೆದು ಹೊಟ್ಟೆ ಹೊರೆಯುವವರ ಚಾಳಿ ಅದು, ಎದುರಿಗಿರುವವರ ಮಾತನ್ನೂ ತಾವೇ ಬರೆದುಬಿಡುತ್ತಾರೆ. ಕಾಗದದಲ್ಲಿ ಆ ಕಾಟವಿಲ್ಲ. ಇಲ್ಲಿ ನಾನು ಹೇಳುವುದನ್ನು ನೀನು ಕೊನೆಯವರೆಗೆ ಕೇಳಲೇಬೇಕು.

ಗುರುವಾರ ನೀನು ಫೋನಿನಲ್ಲಿ ಅತ್ತೆ. ನೀನು ದೊಡ್ಡವಳಾದ ಮೇಲೆ ಅತ್ತದ್ದನ್ನು ನಾನು ಕೇಳಿಯೇ ಇರಲಿಲ್ಲ. ನೀನು ಬರೆದ ಉನೋಸ್ ಧಾರಾವಾಹಿಯ ಮೊದಲ ಕಂತು ಬಂದು ಇನ್ನೂ ವಾರ ತುಂಬಿಲ್ಲ, ಆಗಲೇ ಊರಿಗೆ ಊರೇ ನಿನ್ನ ಮೇಲೆ ಬಿದ್ದಿದೆ. ಒಗೆಯುವ ದೃಶ್ಯ ಎಲ್ಲಿ ಎಂದು ಎಲ್ಲರದೂ ಒಂದೇ ಕೂಗು. ಹಳೆಯ ಕಾಮಿಕ್ಸಿನಲ್ಲಿ ಉನೋಸ್ ಬಿರುಗಾಳಿಯಾಗಿ ಎದ್ದು, ಏಡಿ ದೊರೆಯನ್ನು ಬಡಿದು ಹಾಕಿ, ಅಲ್ಲಿಂದ ನೇರ ವಾಪಸು ಬಂದು, ಬಿಟ್ಟುಹೋದ ಬಟ್ಟೆಯ ರಾಶಿಯ ಮುಂದೆ ಕೂತು ಒಗೆಯುತ್ತಾಳಂತೆ. ಆ ದೃಶ್ಯವನ್ನೇ ಕತ್ತರಿಸಿ ಎಸೆದಿದ್ದಾರಂತೆ. ಬರೆದವಳು ಕಾಮಿಕ್ಸ್ ಮುಟ್ಟಿಯೂ ನೋಡಿಲ್ಲವಂತೆ. ಮುಟ್ಟಿ ನೋಡಿಲ್ಲವಂತೆ! ಹಳೆಯ ಸಂಚಿಕೆ ಕೂಡಿಟ್ಟವರ ಮನೆ ಮನೆ ಅಲೆದು, ಪುಡಿಪುಡಿಯಾಗುವ ಹಾಳೆಗಳನ್ನು ಉಸಿರು ಬಿಗಿಹಿಡಿದು ತಿರುವಿ ಹಾಕಿದವಳು ನೀನು. ಅಂಥ ದೃಶ್ಯ ಒಂದು ಸಂಚಿಕೆಯಲ್ಲೂ ಇಲ್ಲ ಎಂದು ನೀನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುವ ಹಾಗಾಯಿತು.

ಈಗ ನಿಮ್ಮ ಬಾಸ್ ನಿನ್ನ ಹೆಸರಿನಲ್ಲಿ ಒಂದು ಕ್ಷಮಾಪಣೆ ಬರೆದಿಟ್ಟಿದ್ದಾರೆ. ನಾನು ಮೂಲವನ್ನು ಸರಿಯಾಗಿ ಓದಿರಲಿಲ್ಲ, ಅಭಿಮಾನಿಗಳು ದೊಡ್ಡ ಮನಸ್ಸು ಮಾಡಬೇಕು ಎಂದು ಸೋಮವಾರ ಕ್ಯಾಮರಾದ ಮುಂದೆ ನೀನು ಓದಬೇಕು. ಓದಿದರೆ ಜೀವನವೆಲ್ಲ ಓದದೆ ಬರೆದವಳು ಎನ್ನಿಸಿಕೊಳ್ಳುತ್ತೀಯ. ಓದದಿದ್ದರೆ ಧಾರಾವಾಹಿಯಿಂದ ಹೊರಗೆ.

“ನನಾಯ್, ಮಲಾಬೊನಿನ ಉನೋಸ್ ಬಳಗಕ್ಕೆ ನೀನೇ ಅಧ್ಯಕ್ಷೆ. ಆ ಕಾಮಿಕ್ಸ್ ಬರ್ತಿದ್ದಾಗ್ಲೇ ಓದಿದೋಳು. ನೀನೇ ಹೇಳು, ಆ ಸೀನ್ ಇತ್ತಾ, ಇಲ್ವಾ? ನಂಗೇ ತಲೆ ಕೆಟ್ಟಿದೆಯಾ?” ಎಂದು ನೀನು ಕೇಳಿದೆ.

ಪಾನ್ಸಿತ್ ತಳ ಹಿಡಿಯುತ್ತಿದೆ ಎಂದು ನಾನು ಫೋನ್ ಇಟ್ಟೆ. ಒಲೆಯ ಮೇಲೆ ಪಾನ್ಸಿತ್ ಇರಲೇ ಇಲ್ಲ ಮಗಳೇ. ಒಲೆಯನ್ನೇ ಹಚ್ಚಿರಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಅದಕ್ಕೂ ಮೊದಲು ನಿನ್ನ ಮೊದಲ ಕಂತಿನ ಬಗ್ಗೆ ನನ್ನ ಅಭಿಪ್ರಾಯ ಕೇಳು. ಈ ಊರಿನಲ್ಲಿ ಉನೋಸ್ ಬಗ್ಗೆ ಎಲ್ಲರಿಗೂ ಅಭಿಪ್ರಾಯವಿದೆ, ಸರಿಯಾದದ್ದು ನನ್ನದು.

ಮರದ ಮೆಟ್ಟನ್ನು ಉಳಿಸಿಕೊಂಡದ್ದು ನಿನ್ನ ದೊಡ್ಡ ಗೆಲುವು. ಆ ಜಾಗದಲ್ಲಿ ಮಿರಿಮಿರಿ ಮಿಂಚುವ ಲೋಹದ ಬೂಟು ಹಾಕಿಸಬೇಕೆಂದು ನಿಮ್ಮವರು ಹಟ ಹಿಡಿದಿದ್ದರು ಎಂದು ನೀನೇ ಹೇಳಿದ್ದೆ. ಅಗಸಗಿತ್ತಿ ಲುಮೆಂಗ್ ತನ್ನ ಎರಡು ಮೆಟ್ಟುಗಳನ್ನು ಒಂದಕ್ಕೊಂದು ಟಕ್ಕೆಂದು ಬಡಿದರೆ ತಾನೇ ಅವಳು ಉನೋಸ್ ಆಗುವುದು? ಬೂಟು ಬಡಿದರೆ ಪೊಲೀಸ್ ಆಗುತ್ತಾಳೆ. ಆ ಟಕ್ ಸದ್ದು ಬಂದಾಗ ನಮ್ಮ ಓಣಿಯ ಟಿವಿಗಳೆಲ್ಲ ಒಟ್ಟಿಗೆ ಕೂಗಿದವು, ನನಗೆ ಮೈ ಜುಮ್ಮೆಂದಿತು. ಹುಡುಗಿಯೂ ಪರವಾಗಿಲ್ಲ. ಕತ್ತು ಚೆನ್ನಾಗಿದೆ, ನಡಿಗೆಯಲ್ಲಿ ಗತ್ತಿದೆ. ಆದರೆ ಉಗುರು ನೋಡಿದೆಯಾ? ಒಂದು ದಿನವಾದರೂ ಸೋಪಿನ ನೀರು ಕಂಡ ಉಗುರಲ್ಲ ಅದು. ಮತ್ತೆ ಆ ಕಂಪ್ಯೂಟರಿನ ಅಲೆಗಳು ಅತಿಯಾದವು. ನಮ್ಮೂರಲ್ಲಿ ಹುಣ್ಣಿಮೆಗೆ ಉಬ್ಬರದ ನೀರು ಅಡುಗೆಮನೆಗೇ ಬರುತ್ತದೆ, ನಮಗೆ ನೀರು ತೋರಿಸಿ ಹೆದರಿಸಲು ಬರಬೇಡಿ ಎಂದು ನಿಮ್ಮವರಿಗೆ ಹೇಳು.

ಉನೋಸ್ ಆಗಿ ನಟಿಸಿದವರನ್ನೆಲ್ಲ ನೋಡಿದವಳು ನಾನು. ಕಪ್ಪು ಬಿಳುಪಿನ ಕಾಲದಲ್ಲಿ ಒಬ್ಬ ಸುಂದರಿ ಬಂದಳು. ಒಗೆಯುವ ಕಲ್ಲಿನ ಮುಂದೆಯೂ ತುಟಿಗೆ ಬಣ್ಣ, ಕೂದಲಿಗೆ ಸುರುಳಿ. ಟಾಕೀಸಿನ ಹಿಂದಿನ ಬೆಂಚಿನಿಂದ ಯಾರೋ, “ಏ ತಾಯಿ, ಒಗಿಯಾಕ್ ಬಂದಿದೀಯೋ, ಮದ್ವೆಗ್ ಬಂದಿದೀಯೋ?” ಎಂದು ಕೂಗಿದ್ದ. ಆಮೇಲೆ ಬಣ್ಣದ ಸಿನಿಮಾ ಬಂತು. ಆಗೆಲ್ಲ ಕಾಮಿಕ್ಸ್ ವಾರವಾರ ಬರುತ್ತಿರುವಾಗಲೇ ಅದರ ಸಿನಿಮಾ ಮಾಡಿ ಮುಗಿಸಿಬಿಡುತ್ತಿದ್ದರು, ಕಥೆ ಮುಗಿಯುವವರೆಗೆ ಕಾಯುವ ತಾಳ್ಮೆ ಯಾರಿಗಿತ್ತು? ಸಿನಿಮಾದಲ್ಲಿ ಸತ್ತ ಏಡಿ ದೊರೆ ಕಾಮಿಕ್ಸಿನಲ್ಲಿ ಮುಂದಿನ ವಾರ ಆರಾಮಾಗಿ ಸಮುದ್ರದಿಂದ ಎದ್ದು ಬಂದ. ನಾವೆಲ್ಲ ಕಕ್ಕಾಬಿಕ್ಕಿ. ಪುಸ್ತಕ ಬಾಡಿಗೆಗೆ ಕೊಡುತ್ತಿದ್ದ ಮಾಂಗ್ ಇಸ್ತೋಂಗ್ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. “ಇದು ಅದ್ರ ತಮ್ಮ ಇರ್ಬೇಕು ಬಿಡ್ರೇ, ಮುಂದಕ್ ಓದಿ” ಎಂದ. ಒಮ್ಮೆ ಒಬ್ಬ ಹಾಸ್ಯನಟ ಎದೆಗೆ ತೆಂಗಿನಚಿಪ್ಪು ಕಟ್ಟಿಕೊಂಡು ಉನೋಸ್ ಆದ. ಪಾದ್ರಿಗಳು ನೋಡಬೇಡಿ ಎಂದರು, ಹಾಗಾಗಿ ಎಲ್ಲರೂ ನೋಡಿದೆವು. ನೀನು ಹುಟ್ಟಿದ ಮೇಲೆ ಟಿವಿಗೆ ಬಂದವಳಿಗೆ ಕಟ್ಟಿದ ತಂತಿ ಕಾಣುತ್ತಿತ್ತು. ತಂತಿ ಕಂಡರೆ ನನಗೇನೂ ಬೇಸರವಿಲ್ಲ.

ನನ್ನ ಬೇಸರ ಬೇರೆ. ಹಾರುವುದು ಹೇಗಿದೆ ಎಂದು ಎಲ್ಲರೂ ನೋಡುತ್ತಾರೆ, ಇಳಿಯುವುದು ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಮಾಲಿನ ಸಿನಿಮಾದಲ್ಲಿ ಬರುವ ಹೊರದೇಶದ ವೀರರನ್ನು ನೋಡು. ದೊಡ್ಡ ಪಟ್ಟಣವನ್ನೇ ಉರುಳಿಸಿ, ಗಾಜು ಇಟ್ಟಿಗೆ ಎಲ್ಲ ಬೀದಿಗೆ ಚೆಲ್ಲಿ, ಕೊನೆಗೆ ಕಟ್ಟಡದ ತುದಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಬೆಳಿಗ್ಗೆ ಆ ಬೀದಿ ಗುಡಿಸುವವರು ಯಾರು? ಅವರ ಹೆಸರು ಕೊನೆಯ ಪಟ್ಟಿಯಲ್ಲೂ ಬರುವುದಿಲ್ಲ. ನಮ್ಮ ಉನೋಸ್ ಹಾಗಲ್ಲ, ಅವಳು ತಾನು ಬಿಟ್ಟುಹೋದ ಬೋಗುಣಿಯ ಮುಂದೆಯೇ ಬಂದು ಇಳಿಯುತ್ತಾಳೆ ಎಂದು ಬಳಗದವರು ಎದೆ ತಟ್ಟಿಕೊಂಡು ಹೇಳುತ್ತಾರೆ. ಸರಿಯಾಗಿಯೇ ಹೇಳುತ್ತಾರೆ.

ಆದರೆ ನೀನು ಹೇಳುವುದೂ ಸರಿ. ಆ ದೃಶ್ಯ ಕಾಮಿಕ್ಸಿನಲ್ಲಿ ಇಲ್ಲ. ಯಾವ ಸಂಚಿಕೆಯಲ್ಲೂ ಇಲ್ಲ, ಯಾವತ್ತೂ ಇರಲಿಲ್ಲ. ಅದನ್ನು ನಾನು ಹುಟ್ಟಿಸಿದೆ.

ಈಗ ಬಾಯಿ ಮುಚ್ಚಿಕೊಂಡು ಮುಂದೆ ಓದು.

ಮಾಂಗ್ ಇಸ್ತೋಂಗನ ಗೂಡಂಗಡಿ ಮಾರುಕಟ್ಟೆಯ ಪಕ್ಕದಲ್ಲಿತ್ತು. ಕಾಮಿಕ್ಸ್‌ಗಳನ್ನು ತಂತಿಯ ಮೇಲೆ ಒಣಮೀನಿನ ಹಾಗೆ ಸಾಲಾಗಿ ನೇತುಹಾಕುತ್ತಿದ್ದ. ಪುಡಿಗಾಸು ಕೊಟ್ಟು, ಅಲ್ಲೇ ಬೆಂಚಿನ ಮೇಲೆ ಕೂತು ಓದಿ, ಅಲ್ಲೇ ವಾಪಸು ಕೊಡಬೇಕು. ಮನೆಗೆ ಒಯ್ಯುವ ಹಾಗಿಲ್ಲ. ಸಂಜೆ ಒಗೆದ ಬಟ್ಟೆಯನ್ನು ಮನೆಗಳಿಗೆ ತಲುಪಿಸಿ ಹಿಂದಿರುಗುವ ಅಗಸಗಿತ್ತಿಯರು ಆ ಬೆಂಚಿನ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ಉನೋಸ್ ಅವರದೇ ಕಥೆ. ಕಾಮಿಕ್ಸಿನಲ್ಲಿ ಅಗಸಗಿತ್ತಿಯೊಬ್ಬಳು ನಾಯಕಿಯಾದದ್ದು ಅದೇ ಮೊದಲು. ಆದರೆ ಅವರಲ್ಲಿ ಅರ್ಧ ಜನಕ್ಕೆ ಅಕ್ಷರ ಬರುತ್ತಿರಲಿಲ್ಲ. ನಾನು ಇಸ್ಕೂಲಿಗೆ ಹೋಗುತ್ತಿದ್ದೆ, ಗಂಟಲು ದೊಡ್ಡದಿತ್ತು, ನಾಚಿಕೆ ಇರಲಿಲ್ಲ. ನಾನು ಗಟ್ಟಿಯಾಗಿ ಓದುತ್ತಿದ್ದೆ, ಅವರು ಕೇಳುತ್ತಿದ್ದರು.

ಮಾಂಗ್ ಇಸ್ತೋಂಗ್ ಮೊದಮೊದಲು ಉರಿದುಬಿದ್ದ. “ಒಂದ್ ಬಾಡ್ಗೆಗೆ ಇಷ್ಟ್ ಜನ ಕಿವಿ ತುಂಬ್ಸ್ಕೊಂಡ್ರೆ ನಾನ್ ಮಣ್ ತಿನ್ಲಾ?” ಎಂದು ಗೊಣಗಿದ. ಅವನ ಹೆಂಡತಿ ಪಕ್ಕದಲ್ಲಿ ಸಕ್ಕರೆ ಸವರಿದ ಬಾಳೆಹಣ್ಣು ಕರಿಯುತ್ತಿದ್ದಳು. ಕಥೆ ಕೇಳುವವರ ಬಾಯಿ ಸುಮ್ಮನಿರುವುದಿಲ್ಲ ಎಂಬುದನ್ನು ಅವಳು ಬೇಗ ಕಂಡುಕೊಂಡಳು. ಆಮೇಲೆ ನಾನು ಬರುವುದು ತಡವಾದರೆ ಅವನೇ ಹುಡುಕಿಕೊಂಡು ಬರುತ್ತಿದ್ದ.

ಒಂದು ವಾರ, ಲುಮೆಂಗ್ ಬಟ್ಟೆಯ ರಾಶಿಯನ್ನು ಬಿಟ್ಟು, ಮೆಟ್ಟು ಬಡಿದು, ಉನೋಸ್ ಆಗಿ ಹಾರಿಹೋದಳು. ಏಡಿ ದೊರೆಯ ಕೊಂಡಿ ಮುರಿದಳು, ಮೀನುಗಾರರ ದೋಣಿಗಳನ್ನು ದಡ ಸೇರಿಸಿದಳು. ಕೊನೆಯ ಚಿತ್ರದಲ್ಲಿ ಮೋಡದ ಮೇಲೆ ನಿಂತಿದ್ದಳು. ಮುಂದಿನ ವಾರಕ್ಕೆ ಎಂದು ಬರೆದಿತ್ತು. ನಾನು ಪುಸ್ತಕ ಮುಚ್ಚಲು ಹೊರಟೆ. ಆಗ ಬೆಂಚಿನ ತುದಿಯಲ್ಲಿದ್ದ ಒಬ್ಬ ಹೆಂಗಸು, “ಅದ್ಸರಿ, ಬಟ್ಟೆ ಯಾರ್ ಒಗದ್ರು?” ಎಂದಳು.

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಸೋಡಾಪುಡಿಗೆ ಬೆಂದು ಬೆಳ್ಳಗಾಗಿದ್ದ ಎರಡು ಕೈ ಮಡಿಲಲ್ಲಿಟ್ಟುಕೊಂಡು ಉತ್ತರಕ್ಕೆ ಕಾಯುತ್ತಿದ್ದಳು. ಅವತ್ತು ಬೆಳಿಗ್ಗೆ ಅವಳಿಗೂ ಒಂದು ಮನೆಯಲ್ಲಿ ಬಟ್ಟೆ ತಡವಾಯಿತೆಂದು ಬೈಗುಳ ಬಿದ್ದಿತ್ತು, ಅದು ನನಗೆ ಗೊತ್ತಿತ್ತು. ಉನೋಸ್ ಆಕಾಶಕ್ಕೆ ಹೋದಳು ಸರಿ, ಸಂಜೆ ಆ ಮನೆಯೊಡತಿ ಬಂದು ರಾಶಿ ಹಾಗೇ ಬಿದ್ದಿರುವುದನ್ನು ಕಂಡರೆ? ಲುಮೆಂಗಳ ಕೆಲಸ ಹೋಗುವುದಿಲ್ಲವೇ? ಅವಳ ಪ್ರಶ್ನೆಯ ಅರ್ಥ ಅದು. ಬರೆದ ಮಹಾನುಭಾವನಿಗೆ ಅದು ಹೊಳೆದಿರಲಿಲ್ಲ, ಅವನ ಬಟ್ಟೆಯನ್ನು ಬೇರೆ ಯಾರೋ ಒಗೆಯುತ್ತಿದ್ದರು.

ನಾನು ಪುಸ್ತಕ ಮತ್ತೆ ತೆರೆದೆ. “ಇರಿ ಇರಿ, ಇನ್ನೊಂದ್ ಪುಟ ಇದೆ” ಎಂದೆ. ಇರಲಿಲ್ಲ. ನಾನು ಓದಿದೆ: ಉನೋಸ್ ಮೋಡದಿಂದ ಇಳಿದು ಬೋಗುಣಿಯ ಮುಂದೆ ಕೂತಳು. ಗಾಳಿಗೆ ಅಪ್ಪಣೆ ಕೊಟ್ಟು ನೋಡಿದಳು, ಅಲೆಗೆ ಅಪ್ಪಣೆ ಕೊಟ್ಟು ನೋಡಿದಳು. ಬಟ್ಟೆ ನೆನೆಯಿತು, ಹಾರಾಡಿತು, ಆದರೆ ಕಾಲರಿನ ಕೊಳೆ ಕದಲಲಿಲ್ಲ. ಏಡಿ ದೊರೆಯ ಕೊಂಡಿ ಮುರಿದವಳಿಗೂ ಕಾಲರಿನ ಕೊಳೆ ಬಿಡಿಸಲು ಬರೀ ಕೈಯೇ ಬೇಕು. ಅವಳು ಮೆಟ್ಟು ಕಳಚಿ ಬದಿಗಿಟ್ಟು, ತೋಳು ಮೇಲೇರಿಸಿ, ಕತ್ತಲಾಗುವವರೆಗೆ ಒಗೆದಳು.

ಆಮೇಲೆ ಆ ಹೆಂಗಸು ಎದ್ದು, ಸೆರಗಿನಂತೆ ಹೆಗಲ ಮೇಲಿದ್ದ ವಸ್ತ್ರ ಕೊಡವಿ, “ಹಾಂ, ಈಗ್ ಸರಿಯಾಯ್ತ್ ನೋಡು” ಎಂದು ಮನೆಗೆ ಹೊರಟಳು.

ಅಲ್ಲಿಂದ ನಾನು ಸಿಕ್ಕಿಬಿದ್ದೆ. ಪ್ರತಿ ವಾರ ಉನೋಸ್ ಎಲ್ಲಿಗೇ ಹಾರಲಿ, ಯಾರನ್ನೇ ಬಡಿಯಲಿ, ಕೊನೆಗೆ ನಾನು ಅವಳನ್ನು ಬೋಗುಣಿಯ ಮುಂದೆ ತಂದು ಕೂರಿಸಬೇಕಿತ್ತು. ಇಲ್ಲದಿದ್ದರೆ ಬೆಂಚು ಏಳುತ್ತಿರಲಿಲ್ಲ. ಒಮ್ಮೆ ಗಂಜಿ ಹಾಕಿಸಿದೆ, ಒಮ್ಮೆ ಬಿಳಿ ಬಟ್ಟೆಗೆ ಬಣ್ಣ ಹತ್ತಿಸಿ ಬೈಸಿಕೊಳ್ಳುವ ಹಾಗೆ ಮಾಡಿದೆ. ಅವರು ಆ ಕಥೆಯನ್ನು ತಾವು ಒಗೆಯುವ ಮನೆಗಳಿಗೆ ಒಯ್ದರು, ಆ ಮನೆಯ ಮಕ್ಕಳು ಇಸ್ಕೂಲಿಗೆ ಒಯ್ದರು, ಮಕ್ಕಳು ದೊಡ್ಡವರಾಗಿ ದುಬೈಗೆ, ಹಾಂಗ್‌ಕಾಂಗಿಗೆ ಒಯ್ದರು. ಓದಿದವರಿಗಿಂತ ಕೇಳಿದವರೇ ಹೆಚ್ಚು. ಸಂಚಿಕೆಗಳೆಲ್ಲ ಹೊಗೆಮೀನು ಸುತ್ತಲು ಮಾರುಕಟ್ಟೆಗೆ ಹೋದವು, ಉಳಿದವು ನೆರೆಯಲ್ಲಿ ಕರಗಿದವು. ನಾನು ಕಟ್ಟಿದ ಕೊನೆಯ ಪುಟಕ್ಕೆ ಮಾತ್ರ ನೀರೂ ತಾಗಲಿಲ್ಲ, ಗೆದ್ದಲೂ ಹಿಡಿಯಲಿಲ್ಲ. ಇದನ್ನು ತಪ್ಪೊಪ್ಪಿಗೆ ಎಂದು ತಿಳಿಯಬೇಡ. ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಈಗಿನ ತಮಾಷೆ ಕೇಳು. ನಿನ್ನ ನಿನಾಂಗ್ ಕ್ಲಿಯೋಫೆ, ನಿನ್ನನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡ ತಾಯಿ, ಆ ನಂಟಿನಿಂದ ನನ್ನನ್ನು ಮಾರೆ ಎಂದು ಕರೆಯುವವಳು, ಕಳೆದ ಭಾನುವಾರ ಬಲಿಪೂಜೆ ಮುಗಿದದ್ದೇ ಬಳಗದವರನ್ನೆಲ್ಲ ತನ್ನ ಅಂಗಡಿಯ ಮುಂದೆ ಸೇರಿಸಿದಳು.

“ಮಾರೆ, ಆ ಚಿತ್ರ ನನ್ ಕಣ್ಮುಂದೆ ಹಂಗೇ ಇದೆ ಕಣೇ! ಎಡಗಡೆ ಬೋಗುಣಿ, ಬಲಗಡೆ ಮೆಟ್ಟು, ಮೊಳಕೈವರ್ಗೂ ನೊರೆ. ನಮ್ಮಪ್ಪನ ಹತ್ರ ಆ ಸಂಚಿಕೆ ಇತ್ತು” ಎಂದಳು.

“ನಿಮ್ಮಪ್ಪ ಕುದುರೆ ರೇಸಿನ ಪತ್ರಿಕೆ ಬಿಟ್ಟು ಬೇರೇನೂ ಓದ್ತಿರ್ಲಿಲ್ವಲ್ಲೇ?” ಎಂದೆ.

“ಅದೊಂದು ಓದಿದ್ರು. ಅದೂ ಎರಡ್ ಸಲ!”

ಎತ್ತು ಕರು ಹಾಕಿತು ಎಂದರೆ ಇವಳು ಕೊಟ್ಟಿಗೆಗೆ ಕಟ್ಟುವುದಷ್ಟೇ ಅಲ್ಲ, ಹಾಲನ್ನೂ ಕರೆದು ತರುತ್ತಾಳೆ. ನೆನಪಿನಿಂದಲೇ ಆ ಚಿತ್ರ ಬರೆದು ಫೋನಿನಲ್ಲಿ ಹಾಕಿದ್ದಾಳೆ. ಈಗ ಜನ ಅದನ್ನೇ ಮೂಲ ಎಂದು ಹಂಚುತ್ತಿದ್ದಾರೆ. ನಿನ್ನ ಬಾಸ್ ನಿನ್ನ ಮುಖಕ್ಕೆ ಹಿಡಿದು ತೋರಿಸಿದ ಸಾಕ್ಷಿ ಇದೆಯಲ್ಲ, ಅದು ನಿನ್ನ ನಿನಾಂಗ್ ಅಂಗಡಿಯ ಗಲ್ಲಾದ ಮೇಲೆ ಕೂತು ಬರೆದದ್ದು. ಗಮನವಿಟ್ಟು ನೋಡು, ಎರಡೂ ಎಡಗಾಲಿನ ಮೆಟ್ಟೇ.

ಅದೇ ದಿನ ಒಂದು ಬಟ್ಟೆಯ ಫಲಕ ಬರೆಸಿದರು. ಒಗೆಯುವ ದೃಶ್ಯ ಎಲ್ಲಿ ಎಂದು ಕೆಂಪಕ್ಷರದಲ್ಲಿ. ಅಧ್ಯಕ್ಷೆ ಎಂದು ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ನಾನು ಹಿಡಿದೆ ಮಗಳೇ. ನಿನ್ನ ವಿರುದ್ಧ ಫಲಕ ಹಿಡಿದು ಚರ್ಚಿನಿಂದ ಮಾರುಕಟ್ಟೆಯವರೆಗೆ ನಡೆದೆ. ಆ ಫೋಟೋದಲ್ಲಿ ಛತ್ರಿಯಲ್ಲಿ ಮುಖ ಮುಚ್ಚಿಕೊಂಡಿರುವವಳು ನಾನೇ. ಇದಕ್ಕೆ ಮಾತ್ರ ನನ್ನನ್ನು ಬೈಯಬಹುದು.

ಮನೆಯಲ್ಲಿ ಅಜ್ಜಿ, ನಿನ್ನ ಲೋಲಾ, ಮೊದಲ ಕಂತನ್ನು ಟಿವಿಗೆ ಮೂಗು ತಾಗಿಸಿಕೊಂಡು ನೋಡಿದಳು. ಮುಗಿದ ಮೇಲೆ ಎದ್ದು ಹೋದಳು. ಶುಕ್ರವಾರದ ಪೇಪರಿನಲ್ಲಿ ನಿನ್ನ ಫೋಟೋ ಬಂದಿತ್ತು. ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು, “ಕನ್ನಡಕ ಎಲ್ ಹೋಯ್ತೋ ಏನೋ, ನೀನೇ ಓದೇ” ಎಂದು ನನ್ನ ಕೈಗೆ ಕೊಟ್ಟಳು. ನಿನ್ನನ್ನು ಬೈದದ್ದನ್ನೆಲ್ಲ ನುಂಗಿಕೊಂಡು ಒಳ್ಳೆಯದಷ್ಟನ್ನೇ ಓದಿ ಹೇಳಿದೆ. ಒಳ್ಳೆಯದು ಕಡಿಮೆ ಇತ್ತು, ಹಾಗಾಗಿ ಸ್ವಲ್ಪ ಸೇರಿಸಿದೆ. ನಿನಗೆ ಚಿಕ್ಕಂದಿನಲ್ಲಿ ಲೋಲಾ ಕಾಮಿಕ್ಸ್ ತೋರಿಸಿಕೊಂಡು ಕಥೆ ಹೇಳುತ್ತಿದ್ದದ್ದು ನೆನಪಿದೆಯಾ? “ಲೋಲಾ, ನಿನ್ನೆ ಹಿಂಗಿರ್ಲಿಲ್ಲ, ಇವತ್ತ್ ಬೇರೆ ಓದ್ತಿದೀಯ” ಎಂದು ನೀನು ಅಳುತ್ತಿದ್ದೆ. ಸುಮ್ಮನೆ ಕೇಳು ಎಂದು ನಾನು ನಿನ್ನನ್ನು ಗದರಿಸುತ್ತಿದ್ದೆ. ನೀನು ಕಥೆಗಾರ್ತಿಯಾದದ್ದು ಆ ಮಡಿಲಲ್ಲೇ ಎಂದು ಎಲ್ಲ ಸಂದರ್ಶನದಲ್ಲೂ ಹೇಳುತ್ತೀಯ. ಹೇಳುತ್ತಿರು.

ಈಗ ಸೋಮವಾರದ ಮಾತು. ಆ ಕ್ಷಮಾಪಣೆಯನ್ನು ಓದಬೇಡ. ಓದಿದವಳು ನೀನು, ಓದಿಲ್ಲ ಎಂದು ನೀನೇ ಹೇಳಿದರೆ ಅದು ಸುಳ್ಳು. ನಾನು ಕಟ್ಟಿದ್ದು ಕಥೆ, ನಿಮ್ಮ ಬಾಸ್ ಕಟ್ಟಿದ್ದು ಸುಳ್ಳು, ಎರಡಕ್ಕೂ ವ್ಯತ್ಯಾಸವಿದೆ. ಎದ್ದು ನಿಂತು ಹೀಗೆ ಹೇಳು: ಆ ದೃಶ್ಯ ಮೂಲದಲ್ಲಿ ಇಲ್ಲ, ಎಲ್ಲ ಸಂಚಿಕೆಗಳನ್ನೂ ಓದಿದ್ದೇನೆ. ಅದನ್ನು ಮಲಾಬೊನಿನ ಬೆಂಚಿನ ಮೇಲೆ ಕಟ್ಟಿದವಳು ನನ್ನ ತಾಯಿ ಲುಡಿವಿನಾ. ಜನಕ್ಕೆ ಮೂಲಕ್ಕಿಂತ ಅದೇ ಹೆಚ್ಚು ನೆನಪಿದೆ ಎಂದರೆ ಅದಕ್ಕೆ ಕಾರಣವಿದೆ, ಆ ಕಾರಣವನ್ನು ಹೇಳುತ್ತೇನೆ ಕೇಳಿ. ಅಷ್ಟು ಹೇಳಿ, ಆ ಹೆಂಗಸಿನ ಪ್ರಶ್ನೆಯನ್ನು ಅವರ ಮುಂದಿಡು. ಹವಾನಿಯಂತ್ರಿತ ಕೋಣೆಯಲ್ಲಿ ಕೂತ ಅಷ್ಟೂ ಜನಕ್ಕೆ, ಬಟ್ಟೆ ಯಾರು ಒಗೆದರು ಎಂದು ಕೇಳು. ಉತ್ತರ ಹೇಳಲು ಯಾರ ಬಾಯೂ ಏಳದಿದ್ದರೆ, ಮುಂದಿನ ಕಂತಿನಲ್ಲಿ ನಾನು ಬರೆಯುತ್ತೇನೆ ಎನ್ನು. ಕದ್ದೆ ಎಂದುಕೊಳ್ಳಬೇಡ. ನಾನು ನಿನಗೆ ಕೊಡುತ್ತಿದ್ದೇನೆ.

ಬಳಗದವರು ನನ್ನನ್ನು ಅಧ್ಯಕ್ಷಗಿರಿಯಿಂದ ಇಳಿಸಬಹುದು. ಇಳಿಸಲಿ. ಕ್ಲಿಯೋಫೆ ಮಾತು ಬಿಡಬಹುದು, ಆದರೆ ಅವಳಿಗೆ ಮಾತು ಬಿಟ್ಟು ಎರಡು ದಿನ ಇರುವ ಶಕ್ತಿ ಇಲ್ಲ. ನನಗೆ ಅದರ ಚಿಂತೆಯಿಲ್ಲ.

ಒಂದೇ ಒಂದು ತೊಡಕಿದೆ. ಇದನ್ನು ಹೇಳಬೇಕಾದರೆ ಆ ಬೆಂಚಿನವರಿಗೆ ಓದು ಬರುತ್ತಿರಲಿಲ್ಲ ಎಂದೂ ಹೇಳಬೇಕು. ಅವರಲ್ಲಿ ಹೆಚ್ಚಿನವರು ಈಗಿಲ್ಲ. ಆ ಪ್ರಶ್ನೆ ಕೇಳಿದವಳು ಮಾತ್ರ ಇದ್ದಾಳೆ. ಓದು ಬಾರದು ಎಂಬುದನ್ನು ಅವಳು ತನ್ನ ಮನೆಯವರಲ್ಲೂ ಹೆಚ್ಚಿನವರಿಗೆ ತಿಳಿಯದ ಹಾಗೆ ಇಷ್ಟು ವರ್ಷ ಮುಚ್ಚಿಟ್ಟಿದ್ದಾಳೆ. ಅವಳ ಮಾನ ದೊಡ್ಡದು. ನಿನ್ನ ಕೆಲಸ ಉಳಿಸಲು ಅದನ್ನು ನಾನು ಬೀದಿಗೆ ತರಲಾರೆ. ಗುರುವಾರ ನಾನು ಫೋನ್ ಇಟ್ಟದ್ದು ಈ ಕಾರಣಕ್ಕೆ. ಆದ್ದರಿಂದ ಈ ಕಾಗದ ಬರೆದು ಮುಗಿಸಿ, ನಾಳೆ ಬೆಳಿಗ್ಗೆ ಅವಳನ್ನೇ ಕೇಳುತ್ತೇನೆ. ಆಗಲಿ ಎಂದರೆ ಇದು ನಿನ್ನ ಕೈ ಸೇರುತ್ತದೆ. ಬೇಡ ಎಂದರೆ ನಿನಗೆ ಪಾನ್ಸಿತ್ ಮಾತ್ರ ಬರುತ್ತದೆ, ಸೋಮವಾರ ನೀನು ಬೇರೆ ದಾರಿ ಹುಡುಕಿಕೊಳ್ಳಬೇಕಾಗುತ್ತದೆ.

ತಲೆಗೆ ಎಣ್ಣೆ ಹಾಕಿಕೋ, ಕಾಫಿ ಕಡಿಮೆ ಮಾಡು. ನೀನು ಗೆಲ್ಲುತ್ತೀಯ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಮಗಳು ನೀನು, ಉನೋಸ್ ವಿಷಯದಲ್ಲಿ ನಮ್ಮ ಮನೆಯವರು ಸೋತ ಉದಾಹರಣೆ ಇಲ್ಲ.

ಫಲಕದ ಒಂದು ತುದಿ ಹಿಡಿದ,
ನಿನ್ನ ನನಾಯ್
ಲುಡಿವಿನಾ

ಮರೆತ ಮಾತು, ಭಾನುವಾರ ಬೆಳಿಗ್ಗೆ: ಕಾಗದ ನಿನ್ನ ಕೈಯಲ್ಲಿದೆ, ಅಂದರೆ ಅವಳು ಒಪ್ಪಿದಳು. ಹೆಸರು ಹಾಕಲೂ ಅಪ್ಪಣೆ ಕೊಟ್ಟಿದ್ದಾಳೆ. ಹೊಸೆಫಾ. ಹೌದು, ನಿನ್ನ ಲೋಲಾ. ಬೆಂಚಿನ ತುದಿಯಲ್ಲಿ ಕೂತಿದ್ದವಳು ನನ್ನ ಅಮ್ಮ.

ತಿಂಡಿಯ ಹೊತ್ತಿಗೆ ಅವಳ ಪಕ್ಕ ಕೂತು ಈ ಕಾಗದವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಈ ಸಲ ಏನನ್ನೂ ಸೇರಿಸಲಿಲ್ಲ, ಏನನ್ನೂ ಬಿಡಲಿಲ್ಲ. ಅಮ್ಮ ಅನ್ನ ತಿನ್ನುವುದನ್ನು ನಿಲ್ಲಿಸಿ ಕೇಳಿದಳು. ಅಷ್ಟು ವರ್ಷ ನಿನ್ನನ್ನು ನಂಬಿಸಿದೆ, ಸಿಟ್ಟು ಬಂತಾ ಎಂದು ಕೇಳಿದೆ.

“ನಂಬಿದ್ದೆ ಅಂತ ನಿಂಗ್ಯಾರ್ ಹೇಳಿದ್ರು?” ಎಂದಳು. “ಓದೋವಾಗ ನಿನ್ ಬೆರಳು ಸಾಲಿನ್ ಕೆಳಗೆ ಓಡ್ತಾ ಇರುತ್ತೆ. ಬಟ್ಟೆ ಒಗಿಯೋದ್ ಬಂದಾಗ ಬೆರಳು ನಿಂತ್ಬಿಡ್ತಿತ್ತು, ನೀನು ನನ್ ಕೈ ನೋಡ್ಕೊಂಡ್ ಹೇಳ್ತಿದ್ದೆ. ಮೊನ್ನೆ ಪೇಪರ್ ಓದೋವಾಗ್ಲೂ ಬೆರಳು ನಿಂತಿತ್ತು. ಮಗೂನ ಬೈದಿದಾರೆ ಅಂತ ಆಗ್ಲೇ ಗೊತ್ತಾಯ್ತು.”

ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ಅಜ್ಜಿಗೆ ಅರಿವೆ ಚಿಂತೆ ಎನ್ನುವ ಮಾತು ಸುಳ್ಳಲ್ಲ ಮಗಳೇ. ತಟ್ಟೆ ಸರಿಸಿ, ಅವಳು ನಿನಗೆ ಹೇಳಿಕಳಿಸಿದ್ದನ್ನು ಇದ್ದ ಹಾಗೇ ಬರೆಯುತ್ತಿದ್ದೇನೆ, ಬೆರಳು ನಿಲ್ಲಿಸದೆ:

“ಓದಕ್ ಬರಲ್ಲ ಅಂತ ಹೇಳ್ಲಿ, ನಂಗೇನು. ಆದ್ರೆ ಆ ಟಿವಿ ಹುಡ್ಗಿಗೆ ಒಗಿಯಕ್ ಬರುತ್ತಾ ಅಂತ ಮೊದ್ಲು ಕೇಳಕ್ ಹೇಳು. ಬರಲ್ಲ ಅಂದ್ರೆ ಇಲ್ಲಿಗ್ ಕಳ್ಸ್ಲಿ. ಆ ಉಗುರು ಕತ್ತರ್ಸ್ಕೊಂಡ್ ಬರ್ಲಿ.”